ಕಾಕಾನ ಸಮೀಕ್ಷೆ, ಕಾಕುವಿನ ಸಮುದ್ರ

ನಮ್ಮ ಕಾಕಾ ಕಾಲಿಟ್ಟು ಬಂದಿರುವ ಪ್ರವಾಸಿ ತಾಣಗಳ ಪಟ್ಟಿ ಕೇಳಿದರೆ ನೀವು ಬೆರಗಾಗುತ್ತೀರಿ. ಅವರು ಮಾಡಿರುವ ಪ್ರವಾಸಗಳ ಪಟ್ಟಿ ಕೇಳಿದರೆ ಇನ್ನೂ ಬೆರಗಾಗುತ್ತೀರಿ. ಯಾಕೆಂದರೆ ಮೊನ್ನೆ ಮೊನ್ನೆಯವರೆಗೆ ಅದರಲ್ಲಿ ಇದ್ದದ್ದು ಒಂದೇ ಒಂದು, ಅದೂ ಕೆಟ್ಟು ಹೋದದ್ದು! ಉಳಿದದ್ದೆಲ್ಲ ಪ್ರವಾಸವಲ್ಲ ಸ್ವಾಮಿ, ಪ್ರವಾಸಕ್ಕೆ ಮುಂಚಿನ ಸಂಶೋಧನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಗದಗಿನ ಕಡೆಯಿಂದ ಬಂದು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುತ್ತಾ ನಿವೃತ್ತರಾದವರು. ಜೀವನವಿಡೀ ಒಂದೊಂದು ಬೋಲ್ಟನ್ನೂ ಅನುಮಾನದಿಂದ ನೋಡಿದ ಕಣ್ಣು ಅದು. ಈಗ ಬೋಲ್ಟು ಸಿಗುವುದಿಲ್ಲವಲ್ಲ, ಬೆಟ್ಟ, ಕೆರೆ, ಗುಡಿಗಳನ್ನು ಹಾಗೇ ನೋಡುತ್ತದೆ. ಅವರ ಹೆಂಡತಿ ನಮ್ಮ ಕಾಕು. ಇವರಿಬ್ಬರ ಮನೆಯಲ್ಲಿ ಬಿಟ್ಟಿ ಊಟ ಮಾಡಿಕೊಂಡು ಹೆಬ್ಬಾಳದ ಒಂದು ಕಚೇರಿಯಲ್ಲಿ ದಿನವಿಡೀ ಫೋನ್ ಎತ್ತುವವನು ನಾನು. ನನಗಿರುವ ಪ್ರತಿಭೆ ಒಂದೇ: ಯಾರ ದನಿ ಬೇಕಾದರೂ ಅನುಕರಿಸಬಲ್ಲೆ. ಮನೆಯವರು ಇದನ್ನು ಪ್ರತಿಭೆ ಎನ್ನುವುದಿಲ್ಲ, ಚಟ ಎನ್ನುತ್ತಾರೆ.

ಒಂದು ಭಾನುವಾರ ಜಕ್ಕೂರು ಕೆರೆಗೆ ಹೋಗಿ ಬರೋಣವೆಂದು ಕಾಕು ಬಾಯಿ ತಪ್ಪಿ ಅಂದುಬಿಟ್ಟರು. ನಮ್ಮ ಮನೆಯಿಂದ ಅದೆಷ್ಟು ದೂರ? ಬೇರೆಯವರಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಕಾಕಾ ಪ್ರಶ್ನಾವಳಿ ತಯಾರಿಸಿದರು! ಮರುದಿನ ಬೆಳಿಗ್ಗೆ ರಟ್ಟಿನ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಕೆರೆಯ ಗೇಟಿನಲ್ಲಿ ನಿಂತು, ವಾಕಿಂಗ್ ಬಂದ ಒಬ್ಬ ದಪ್ಪನೆಯ ಮಹಾಶಯರನ್ನು ಹಿಡಿದರು.

"ಸರ್, ಇಲ್ಲಿ ಕೊಕ್ಕರೆಗಳ ಬಗ್ಗೆ ನಿಮಗ ಭಾಳ ತೃಪ್ತಿ ಐತೋ, ಸಾಧಾರಣ ತೃಪ್ತಿ ಐತೋ, ಅತೃಪ್ತಿ ಐತೋ?"

"ಸಾರ್, ಬೆಳಿಗ್ಗೆ ಬೆಳಿಗ್ಗೆ ಬಿಪಿ ಏರಿಸ್ಬೇಡಿ. ಅದನ್ನ ಇಳಿಸೋಕೇ ಇಲ್ಲಿಗ್ ಬಂದಿರೋದು ಕಣ್ರೀ!"

ಅವರು ನಡಿಗೆ ಚುರುಕುಗೊಳಿಸಿದರು. ಕಾಕಾ ಪಕ್ಕದಲ್ಲೇ ಓಡಿದರು. ಅವರೂ ಓಡಿದರು. ಆ ದಿನದ ವರದಿಯಲ್ಲಿ ಕಾಕಾ ದುಂಡಗೆ ಬರೆದದ್ದನ್ನು ನಾನೇ ಓದಿದ್ದೇನೆ: "ಇಲ್ಲಿಗೆ ಬರುವ ಪ್ರವಾಸಿಗರು ಬಹಳ ವೇಗವಾಗಿ ಚಲಿಸುತ್ತಾರೆ."

ಇಷ್ಟೆಲ್ಲ ಯಾಕೆ ಅಂತೀರಾ? ಆ ಒಂದೇ ಒಂದು ಪ್ರವಾಸದಿಂದ. ಮದುವೆಯಾದ ಹೊಸತರಲ್ಲಿ ಕಾಕಾ ಕಾಕುವನ್ನು ಜಲಪಾತ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಕಡು ಬೇಸಿಗೆ. ಮೂರು ಬಸ್ಸು ಬದಲಾಯಿಸಿ ಹೋಗಿ ನೋಡಿದರೆ ಬಂಡೆ ಇತ್ತು, ನೀರಿರಲಿಲ್ಲ! ಹೊಸ ಸೀರೆ ಉಟ್ಟು ಹೋಗಿದ್ದ ಕಾಕು ಒಂದು ಮಾತೂ ಆಡಲಿಲ್ಲವಂತೆ. ಆಡಿದ್ದರೆ ಚೆನ್ನಾಗಿತ್ತು. ಆ ಮೌನದ ಗಾಯವೇ ಕಾಕಾನ ಒಳಗಿನಿಂದ ಸಂಶೋಧನೆಯಾಗಿ ಹೊಮ್ಮಿತು.

ಈಗ ಬಂತು ನೋಡಿ ಸಮುದ್ರದ ಪ್ರಶ್ನೆ. ಕಾಕು ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲ. ಮುಂದಿನ ತಿಂಗಳು ಅವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಎಂದು ಡಾಕ್ಟರು ದಿನ ಗೊತ್ತು ಮಾಡಿದ ಸಂಜೆ, ಅವರು ಕಾಕಾನ ಮುಂದೆ ನಿಂತು ಹೇಳಿದರು: "ಸ್ಟೀಲ್ ಕೂಡಸೂಕಿಂತ ಮೊದ್ಲ, ಹುಟ್ಟಿ ಬಂದ ಕಾಲಿಲೆ ಒಮ್ಮೆ ಸಮುದ್ರದಾಗ ನಿಂದರ್ಬೇಕು ನೋಡ್ರಿ. ಅಷ್ಟ. ಮತ್ತೇನೂ ಕೇಳೂದಿಲ್ಲ."

ಕಾಕಾ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗಾಗುತ್ತಲೇ ಹೊರಟರು. ಒಬ್ಬರೇ!

ಉತ್ತರ ಕನ್ನಡದ ಒಂದು ಕಡಲತೀರ. ಹೆಸರು ಹೇಳಲಾರೆ, ಹೇಳಿದರೆ ಮಾಹಿತಿ ಸೋರಿಕೆ ಎಂದು ಕಾಕಾ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಮೊದಲ ಸಲ ಹೋಗಿ ದಾರಿಯ ತಿರುವುಗಳನ್ನು ಎಣಿಸಿ ಬಂದರು. ಎರಡನೆಯ ಸಲ ಆಹಾರ ಸಮೀಕ್ಷೆ: ಒಂದೇ ಬೆಳಿಗ್ಗೆ ಏಳು ಹೋಟೆಲಿನಲ್ಲಿ ಇಡ್ಲಿ ತಿಂದು, "ಏಳನೆಯ ಹೋಟೆಲಿನ ಇಡ್ಲಿ ಏಕೋ ರುಚಿಸಲಿಲ್ಲ" ಎಂದು ಬರೆದರು. ಮೂರನೆಯದು ನೆರಳಿನ ಅಧ್ಯಯನ. ನಾಲ್ಕನೆಯದು ಶೌಚಾಲಯ. ದಿನಗಳು ಸರಸರ ಜಾರುತ್ತಿದ್ದವು. ಕಾಕಾ ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದರು. ಅವರು ಓಡಾಡುವುದನ್ನು ನೋಡಿ ನನ್ನ ಕಾಲು ತಾನೇ ತಾನಾಗಿ ಅಲ್ಲಾಡುತ್ತಿತ್ತು.

"ನಾಕ ಸಲ ಹೋಗಿ ಬಂದ್ರಿ," ಎಂದರು ಕಾಕು. "ಸಮುದ್ರೇನ್ ಎಲ್ಲೂ ಓಡಿ ಹೋಗೂದಿಲ್ರೀ. ನನ್ನ ಮೊಣಕಾಲ ಹೊಂಟಾವು!"

ನನಗೆ ತಡೆಯಲಾಗಲಿಲ್ಲ. ಸಹಾಯ ಮಾಡಿಬಿಡೋಣವೆಂದು ತಾರಸಿಗೆ ಹೋಗಿ, ಗೆಳೆಯನ ಫೋನಿನಿಂದ, ಸರ್ಕಾರಿ ಗಂಟಲಿನಲ್ಲಿ ಕಾಕಾಗೆ ಕರೆ ಮಾಡಿದೆ.

"ಹಲೋ, ಪ್ರವಾಸೋದ್ಯಮ ಇಲಾಖೆಯಿಂದ ಮಾತಾಡ್ತಿರೋದು. ನಿಮ್ಮ ಸಂಶೋಧನೆ ವಿಷಯ ನಮ್ಮ ಕಿವಿಗೂ ಬಿತ್ತು. ಬಹಳ ಸಂತೋಷ. ಇನ್ನು ಸಾಕು, ವರದಿ ಆಮೇಲೆ ಕಳಿಸಿ, ಈ ವಾರಾನೇ ಮನೆಯವ್ರನ್ನ ಕರ್ಕೊಂಡು ಹೊರಟ್ಬಿಡಿ."

ಕೆಳಗೆ ಕುರ್ಚಿ ಸರಿದ ಸದ್ದು. ಕಾಕಾ ಎದ್ದು ನಿಂತಿದ್ದರು. "ಸರ್! ಇಲಾಖೆಗೇ ವರದಿ ಬೇಕಂದ್ರ ಹಿಂಗ ಅರ್ಧಂಬರ್ಧ ಕೊಡಾಕ ಬರೂದಿಲ್ರಿ. ಇನ್ನೊಂದ್ ಆರ್ ತಿಂಗಳ ಟೈಮ್ ಕೊಡ್ರಿ!"

ಆರು ತಿಂಗಳು! ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ತಪ್ಪೊಪ್ಪಿಕೊಂಡೆ. "ಕಾಕಾ, ಅದು ನಾನೇ. ತಮಾಷೆಗೆ ಮಾಡಿದ್ದು."

ಕಾಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದೆವು. ಗಂಭೀರವಾಗಿ ಹೇಳಿದರು: "ಇವತ್ತ ತಮಾಷಿಗೆ ನೀ ಕೇಳಿದಿ. ನಾಳೆ ಅವ್ರು ಖರೇನ ಕೇಳಿದ್ರ?"

ಹೀಗೆ, ಕಾಕುವಿನ ಸಮುದ್ರವನ್ನು ಹತ್ತಿರ ತರಲು ಹೋದ ನಾನು ಅದನ್ನು ಇನ್ನಷ್ಟು ದೂರ ತಳ್ಳಿದೆ. ಅಂದು ಸಂಜೆ ಊಟದಲ್ಲಿ ನನ್ನ ತಟ್ಟೆಗೆ ಬಿದ್ದದ್ದು ಒಂದೇ ರೊಟ್ಟಿ.

ಯಾವ ಇಲಾಖೆಯೂ ಕೇಳದ ವರದಿಯನ್ನು ಕಾಕಾ ಸಿದ್ಧಮಾಡತೊಡಗಿದರು. ಶಸ್ತ್ರಚಿಕಿತ್ಸೆಗೆ ಒಂದೇ ವಾರ ಉಳಿದಿತ್ತು. ಕಾಕು ನೆಲದ ಮೇಲೆ ಕೂರಲಾರದೆ ಸ್ಟೂಲಿನ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಕಾಕಾ ಅತ್ತಿಂದಿತ್ತ ನಡೆಯುತ್ತಾ ಗಟ್ಟಿಯಾಗಿ ಓದುತ್ತಿದ್ದರು.

"ಶೌಚಾಲಯ. ಸ್ವಚ್ಛವಾಗಿದೆ. ನೀರು ಬರುತ್ತದೆ. ಅಂಗಿ ತೂಗುಹಾಕಲು ಮೊಳೆ ಇದೆ."

"ಹೆಂಗಸರದ್ದೋ, ಗಂಡಸರದ್ದೋ?"

ಕಾಕಾ ನಿಂತುಬಿಟ್ಟರು. "ನಾ ಹೆಂಗಸರ ಕಡೆ ಹ್ಯಾಂಗ ಒಳಗ ಹೋಗ್ಲಿ?"

"ಬಂದ ಹೆಣ್ಮಕ್ಕಳನ್ನರ ಕೇಳ್ಬೇಕಿಲ್ಲೋ?"

"ಪರಿಚಯ ಇಲ್ಲದ ಹೆಣ್ಮಕ್ಕಳನ್ನ ನಿಲ್ಲಿಸಿ ಇದನ್ನೆಲ್ಲಾ ಕೇಳಿದ್ರ ಚಪ್ಪಲಿ ತಗೋತಾರ!"

"ಹಂಗಾರ ಬ್ಯಾರೇದರ ಏನ್ ಕೇಳೀರಿ ಅವ್ರನ್ನ?"

ಕಾಕಾ ಹಾಳೆ ತಿರುವಿದರು. ಇನ್ನೊಂದು ತಿರುವಿದರು. ನಾನೂ ಒಂದು ಕಟ್ಟು ಎತ್ತಿಕೊಂಡು ಹುಡುಕಿದೆ. ನಾಲ್ಕು ಸಮೀಕ್ಷೆ, ಅಷ್ಟು ಜನ, ಅಷ್ಟು ಪ್ರಶ್ನೆ. ಉತ್ತರ ಕೊಟ್ಟವರಲ್ಲಿ ಒಬ್ಬ ಹೆಂಗಸೂ ಇಲ್ಲ! ಸಂಕೋಚಕ್ಕೆ ಕಾಕಾ ಗಂಡಸರನ್ನಷ್ಟೇ ಕೇಳಿಕೊಂಡು ಬಂದಿದ್ದರು. ಕಾರ್ಖಾನೆಯಲ್ಲಿ ಒಂದು ಬೋಲ್ಟನ್ನೂ ಬಿಡದವರು ಇಲ್ಲಿ ಅರ್ಧ ಜಗತ್ತನ್ನೇ ಬಿಟ್ಟಿದ್ದರು.

ಅವರು ಕುರ್ಚಿಯಲ್ಲಿ ಕುಸಿದರು. "ಐದನೇ ಸಮೀಕ್ಷಾ ಆಗ್ಬೇಕು," ಎಂದರು. "ಅದಕ್ಕ ಹೆಣ್ಮಕ್ಕಳ ಬೇಕು. ಈಗ ಗಡಿಬಿಡಿಯೊಳಗ ನಾ ಎಲ್ಲಿಂದ ಹುಡುಕ್ಲಿ?"

ಕಾಕು ಮಡಿಲಿನ ಸೊಪ್ಪಿನ ಕಡ್ಡಿ ಕೊಡವಿಕೊಂಡು, ಗೋಡೆ ಹಿಡಿದು ಎದ್ದರು.

"ಒಬ್ಬಾಕಿ ಸಿಕ್ಕಾಳ. ಟಿಕೀಟ್ ತಗಸ್ರಿ."

ಯಶವಂತಪುರ ನಿಲ್ದಾಣದಲ್ಲಿ ಕಾಕಾನ ಚಡಪಡಿಕೆ ನೋಡಬೇಕಿತ್ತು! ರೈಲು ಬರುವ ಮುಂಚೆ ಪ್ಲಾಟ್‌ಫಾರಂ ಉದ್ದಕ್ಕೂ, ಬಂದ ಮೇಲೆ ಬೋಗಿಯ ಉದ್ದಕ್ಕೂ ನಡೆದರು. ಎದುರು ಸೀಟಿನ ಹುಡುಗ ನನ್ನ ಕಡೆ ಬಾಗಿ, "ಗುರು, ನಿಮ್ ಅಂಕಲ್ ರೈಲಲ್ಲಿ ಹೋಗ್ತಿದಾರೋ, ನಡ್ಕೊಂಡ್ ಹೋಗ್ತಿದಾರೋ?" ಎಂದ. ಕಾಕಾ ದಾರಿಯುದ್ದಕ್ಕೂ ಕಾಕುವಿಗೆ ತರಬೇತಿ ಕೊಟ್ಟರು. ಕಾಕು ದಾರಿಯುದ್ದಕ್ಕೂ ಹಚ್ಚಿದ ಅವಲಕ್ಕಿ ತಿಂದರು.

ಮರುದಿನ ಬೆಳಿಗ್ಗೆ ತೀರದಲ್ಲಿ ಇಳಿದಾಗ, ಕಾಕು ಮೊದಲು ಕರ್ತವ್ಯ ಮುಗಿಸಿದರು. ನಿಧಾನಕ್ಕೆ ಕುಂಟುತ್ತಾ ಹೆಂಗಸರ ಶೌಚಾಲಯದೊಳಗೆ ಹೋಗಿ ಬಂದು, "ಚಿಲಕ ಇಲ್ಲ. ಬರ್ಕೋರಿ," ಎಂದರು. ಪ್ರಶ್ನಾವಳಿಯ ಹಲಗೆಯನ್ನು ನನ್ನ ಕೈಗೆ ತುರುಕಿದರು. ಆಮೇಲೆ ಯಾರನ್ನೂ ಏನನ್ನೂ ಕೇಳದೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮರಳಿನಲ್ಲಿ ಒಂದೊಂದೇ ಹೆಜ್ಜೆ ಊರುತ್ತಾ ನೀರಿಗಿಳಿದುಬಿಟ್ಟರು. ಅಲೆ ಬಂದು ಮೊಣಕಾಲಿಗೆ ಬಡಿಯಿತು. ಅವರು ಕೂಗಿದರೋ, ನಕ್ಕರೋ, ಗೊತ್ತಾಗಲಿಲ್ಲ.

ಕಾಕಾ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ, ತೆಂಗಿನ ಮರಗಳ ಕಡೆ ಮುಖ ಮಾಡಿ ನಿಂತಿದ್ದರು.

"ಕಾಕಾ, ಈ ಕಡೆ ತಿರುಗಿ. ಕಾಕುನ ನೋಡಿ!"

"ಇಳಿದಳೇನು?"

"ಇಳಿದಾಗಿದೆ. ನೀವ್ಯಾಕೆ ಹೀಗ್ ನಿಂತಿದೀರಿ? ನಾಲ್ಕು ಸಲ ನೋಡಿ ನೋಡಿ ಬೇಜಾರಾಯ್ತಾ?"

"ನೋಡಿಲ್ಲಪಾ," ಎಂದರು ಕಾಕಾ. "ಒಮ್ಮೆನೂ ನೋಡಿಲ್ಲ. ಕುಂತ ಮಂದಿ ಎಲ್ಲಾ ಸಮುದ್ರದ ಕಡೆ ಮಾರಿ ಮಾಡಿರ್ತಿದ್ರು, ನಾ ಅವ್ರ ಕಡೆ ಮಾರಿ ಮಾಡಿ ನಿಂತು ಕೇಳ್ತಿದ್ದೆ. ಹಿಂದ ಸಪ್ಪಳ ಕೇಳ್ತಿತ್ತು. ತಿರುಗಲಿಲ್ಲ. ಆಕಿ ನೋಡಲಾರ್ದ ನಾ ಒಬ್ಬನ ಹ್ಯಾಂಗ ನೋಡ್ಲಿ?"

ನಾನು ಹಲಗೆಯನ್ನು ಮರಳಿನ ಮೇಲೆ ಬೋರಲಿಟ್ಟೆ.

"ಏನ್ರೀ!" ಎಂದು ಕಾಕು ನೀರಿನಿಂದ ಕೂಗಿದರು. "ಅಲ್ಲೇನ್ ಗಿಡಾ ಎಣಸಾಕತ್ತೀರೇನು? ಬರ್ರಿ ಇಲ್ಲೆ!"

ಕಾಕಾ ಚಪ್ಪಲಿ ಕಳಚಿದರು. ಪ್ಯಾಂಟು ಮಡಿಚಿದರು. ತಿರುಗದೆಯೇ, ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ನೀರಿಗಿಳಿದರು. ಕಾಕು ಕೈ ಚಾಚಿ ಅವರ ತೋಳು ಹಿಡಿದುಕೊಂಡರು.

"ಹೂಂ, ಈಗ ತಿರುಗ್ರಿ," ಎಂದರು. "ಈ ಸಲ ನೀರೈತಿ."