ಇಪ್ಪತ್ಮೂರನೆಯ ನಿಮಿಷ

ಮನೆಗೆ ಬಂದ ನೆಂಟರನ್ನು ಒಂದೇ ಒಂದು ಕೆಟ್ಟ ಮಾತಾಡದೆ ಎಬ್ಬಿಸಿ ಕಳಿಸುವ ವಿದ್ಯೆ ಇಡೀ ಹೊಸಪೇಟೆಯಲ್ಲಿ ನಮ್ಮ ಮಾವನೊಬ್ಬನಿಗೇ ಸಿದ್ಧಿಸಿತ್ತು. ಆತ ಮುಖ ಗಂಟು ಹಾಕುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಪ್ರೀತಿಯಿಂದ ಚಹಾ ಕೊಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಿದ್ದ. ಅಷ್ಟೇ! ಮೂರನೆಯ ನಿಮಿಷಕ್ಕೆ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಐದನೆಯ ನಿಮಿಷಕ್ಕೆ ಅವರಿಗೆ ಬಸ್ಸಿನ ಹೊತ್ತು ನೆನಪಾಗುತ್ತಿತ್ತು. ಏಳನೆಯ ನಿಮಿಷಕ್ಕೆ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದರು.

ತಮಾಷೆಯೆಂದರೆ ಮಾವನಿಗೆ ಬೇಕಾದದ್ದು ಅವರು ಹೋಗುವುದಲ್ಲ, ಕೂರುವುದು. ಆ ಹಾಡು ಇಪ್ಪತ್ಮೂರು ನಿಮಿಷದ್ದು. ತನ್ನ ಜೀವಮಾನದಲ್ಲಿ ಒಬ್ಬರಾದರೂ ತನ್ನ ಜೊತೆ ಅದನ್ನು ಕೊನೆಯವರೆಗೆ ಕೇಳಬೇಕು ಎಂಬುದೊಂದೇ ಆತನ ಆಸೆ. ಊರಿಗೆ ಊರೇ ಗಣಿ ಧೂಳಿನಲ್ಲಿ ಚಿನ್ನ ಹುಡುಕುತ್ತಿದ್ದ ಕಾಲದಲ್ಲಿ ಈ ಮನುಷ್ಯ ಒಂದು ಜೊತೆ ಕಿವಿ ಹುಡುಕುತ್ತಿದ್ದ!

ಮಾವ ಅಂದರೆ ನಮ್ಮ ಅವ್ವನ ಕಿರಿಯ ತಮ್ಮ. ಬೈಪಾಸ್ ರಸ್ತೆಯಲ್ಲಿ ಮನೆಗೆ ಅಂಟಿಕೊಂಡೇ ಆತನದೊಂದು ಲಾರಿ ಗ್ಯಾರೇಜು. ಸಂಡೂರಿನ ಗುಡ್ಡಗಳೆಲ್ಲ ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ವರ್ಷಗಳವು. ಬಿಳಿ ಅಂಗಿ ಅಂಗಡಿಯಲ್ಲಿ ಮಾತ್ರ ಬಿಳಿಯಾಗಿರುತ್ತಿತ್ತು. ಮುಚ್ಚಿಟ್ಟ ಮೊಸರಿಗೂ ನಾಚಿಕೆಯಾದಂತೆ ಕೆಂಪು ಹತ್ತುತ್ತಿತ್ತು. ಅಂಥ ಕಾಲದಲ್ಲಿ ಲಾರಿ ಮೆಕ್ಯಾನಿಕ್ ಎಂದರೆ ಡಾಕ್ಟರಿಗಿಂತ ಒಂದು ಮೆಟ್ಟಿಲು ಮೇಲೆ. ಅದರಲ್ಲೂ ನಮ್ಮ ಮಾವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ರೋಗ ಹೇಳುವಾತ. ಡ್ರೈವರ್ ಹೇಳಿದ್ದನ್ನು ಆತ ಎಂದೂ ನಂಬುತ್ತಿರಲಿಲ್ಲ. ಡ್ರೈವರಿಗೆ ಬಾಯಿ ಇದೆ, ಹಾಗಾಗಿ ಸುಳ್ಳು ಹೇಳಬಲ್ಲ; ಎಂಜಿನ್ನಿಗೆ ಬರೀ ಸದ್ದಿದೆ ಎಂಬುದು ಆತನ ಸಿದ್ಧಾಂತ.

ಇಂಥವನ ಗ್ಯಾರೇಜಿಗೆ ಒಂದು ಮಧ್ಯಾಹ್ನ, ಗೋವಾದಿಂದ ಹಂಪಿಗೆ ಹೊರಟಿದ್ದ ಬಿಳಿಯನೊಬ್ಬ ಹಳೆಯ ಮೋಟಾರ್ ಸೈಕಲ್ ತಳ್ಳಿಕೊಂಡು ಬಂದ. ಮಾವನಿಗೆ ಇಂಗ್ಲಿಷ್ ಬಾರದು, ಆತನಿಗೆ ಕನ್ನಡ ಬಾರದು. ಮೋಟಾರ್ ಸೈಕಲ್ಲಿಗೆ ಎರಡೂ ಬೇಕಾಗಿರಲಿಲ್ಲ. ಸಂಜೆಯೊಳಗೆ ಗಾಡಿ ರಿಪೇರಿಯಾಯಿತು. ಬಿಸಿಲಲ್ಲಿ ಬೆಂದು ಬಂದ ಪರದೇಶಿಯ ಹತ್ತಿರ ಏನು ಇಸಿದುಕೊಳ್ಳುವುದೆಂದು ಮಾವ ಕೈಮುಗಿದ. ಆತ ಸ್ವಲ್ಪ ಹೊತ್ತು ಚೀಲ ತಡಕಾಡಿ ಒಂದು ಕ್ಯಾಸೆಟ್ ತೆಗೆದು ಮಾವನ ಅಂಗೈಯಲ್ಲಿಟ್ಟು ಹೊರಟುಹೋದ. ಅದರ ಮೇಲೆ ಹೆಸರಿಲ್ಲ, ಊರಿಲ್ಲ. ಪೆನ್ನಿನಲ್ಲಿ ಬರೆದ ಒಂದು ಬಸವನಹುಳು ಮಾತ್ರ.

ಮೊದಲ ಸಲ ಹಾಕಿದಾಗ ಮಾವ ಟೇಪ್ ರೆಕಾರ್ಡರ್ ಕೆಟ್ಟಿದೆ ಎಂದುಕೊಂಡ. ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಆದರೆ ಎಲ್ಲರೂ ಬಂದ್ ಮಾಡಿ ಎದ್ದು ಹೋಗುತ್ತಾರೆ, ಈತ ಮೆಕ್ಯಾನಿಕ್ಕು! ಮಶೀನು ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಿದ. ಬೆಲ್ಟು ಬದಲಿಸಿದ. ಆದರೂ ಡ್ರಮ್ಮು ನಡುನಡುವೆ ಒಂದು ಏಟು ನುಂಗುತ್ತಲೇ ಇತ್ತು. ಗಿಟಾರು ಒಂದು ಕಡೆ ಹೊರಟರೆ ಪಿಟೀಲು ಇನ್ನೊಂದು ಕಡೆ. ನಡುವೆ ಸಾಕ್ಸೋಫೋನು ಘಾಟಿಯಲ್ಲಿ ಸಿಕ್ಕಿಬಿದ್ದ ಲಾರಿಯ ಹಾರನ್ನಿನಂತೆ ಅರಚಿಕೊಳ್ಳುತ್ತಿತ್ತು. ಮಾವ ಸ್ಪೀಕರಿಗೆ ಕಿವಿ ಹಚ್ಚಿ ನಾಲ್ಕು ದಿನ ಕೇಳಿದ. ಐದನೆಯ ದಿನ ನನ್ನನ್ನು ಕರೆದು ಕೂರಿಸಿಕೊಂಡ.

“ಅಳಿಯಾ, ಇದು ರಿಪೇರಿ ಕೇಸಲ್ಲ. ಕೆಟ್ಟಿದ್ದು ದಿನಾ ಒಂದ ಜಾಗಾದಾಗ ಕೆಡಂಗಿಲ್ಲ. ಇದು ದಿನಾ ಅದ ಜಾಗಾದಾಗ ಏಟು ನುಂಗತೈತಿ. ಅಂದ್ರ ಅವ್ರು ಬೇಕಂತ ಹಂಗ ಮಾಡ್ಯಾರ.”

ಎಂಟು ಏಟು ಇರಬೇಕಾದಲ್ಲಿ ಏಳೇ ಇವೆಯಂತೆ. ಒಂದು ಸಿಲಿಂಡರ್ ಹೊಡೆಯದೆ ಗಾಡಿ ಕುಂಟುತ್ತದಲ್ಲ, ಹಾಗೆ. ಆದರೆ ಕುಂಟುತ್ತಲೇ ಗುಡ್ಡ ಹತ್ತುವ ಎಂಜಿನ್ನನ್ನು ಕಟ್ಟಿದವನು ಎಂಥ ಮೇಸ್ತ್ರಿ ಇರಬೇಕು! ಇದು ಮಾವನ ಬೆರಗು. ನನಗೆ ಬೆರಗಾದದ್ದು ಬೇರೆ: ಜಗತ್ತಿನ ದೊಡ್ಡ ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದು ಹೇಳುವುದನ್ನು ಈ ಮನುಷ್ಯ ಬೆಲ್ಟು ಬದಲಿಸಿ ಕಂಡುಕೊಂಡನಲ್ಲ ಎಂದು. ಕಾಲೇಜಿನ ಗೆಳೆಯನೊಬ್ಬ ಇಂಥದ್ದಕ್ಕೆ ಪ್ರೊಗ್ರೆಸಿವ್ ರಾಕ್ ಅನ್ನುತ್ತಾರೆ, ಅದರಲ್ಲೂ ಇದು ಯಾರ ಮಾತೂ ಕೇಳದ ಪ್ರಯೋಗದ ಪಂಗಡ ಎಂದು ಹೇಳಿದ. ನಾನು ಮಾವನಿಗೆ ಒಪ್ಪಿಸಿದೆ. ಜಾತಿ ಕೇಳಿ ಎಂಜಿನ್ ಬಿಚ್ಚುವ ಪದ್ಧತಿ ತನ್ನ ಗ್ಯಾರೇಜಿನಲ್ಲಿ ಇಲ್ಲ ಎಂದ.

ಆಮೇಲೆ ಶುರುವಾಯಿತು ನೋಡಿ ಪ್ರಚಾರ! ಗ್ಯಾರೇಜಿನ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಹಾಡಿನ ನಕ್ಷೆ ಬಂತು. ಒಂದನೆಯ ನಿಮಿಷ: ಸೆಲ್ಫ್ ಸ್ಟಾರ್ಟ್. ನಾಲ್ಕು: ಘಾಟಿ ಶುರು, ಸೆಕೆಂಡ್ ಗೇರ್. ಒಂಬತ್ತು: ಒಬ್ಬ ಹಾಡುತ್ತಾನೆ, ಹೆದರಬಾರದು. ಹತ್ತು: ಅವನೇ ನಿಲ್ಲಿಸುತ್ತಾನೆ. ಹದಿನಾಲ್ಕು: ಬ್ರೇಕ್ ಫೇಲ್. ಹತ್ತೊಂಬತ್ತು: ಬಯಲು, ಗಾಳಿ. ಇಪ್ಪತ್ಮೂರರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಕೊನೆಯಲ್ಲಿ ಏನೋ ಇದೆ, ಅದನ್ನು ಕೂತು ಕೇಳಿದವರಿಗಷ್ಟೇ ಗೊತ್ತಾಗಬೇಕು ಎಂಬುದು ಆತನ ಕಾನೂನು. ಯಾರಾದರೂ ಪೂರಾ ಕೇಳಿದೆ ಎಂದರೆ ಪರೀಕ್ಷೆಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು: “ಕಡೀಗೆ ಏನೈತಿ, ಹೇಳು ನೋಡೂಣು.”

ಈ ಪ್ರಶ್ನೆಗೆ ಪೋಸ್ಟ್‌ಮ್ಯಾನ್ ಬಿದ್ದ, ಹಾಲಿನವನು ಬಿದ್ದ, ಟೈರಿನ ಏಜೆಂಟ್ ಬಿದ್ದ. ನಾನೂ ಬಿದ್ದೆ. ಒಂದು ಸಲ ಅವ್ವ ಕರೆಯುತ್ತಾಳೆಂದು ಎಂಟನೆಯ ನಿಮಿಷಕ್ಕೆ ಎದ್ದು ಹೋಗಿ, ಬೀದಿ ಸುತ್ತಿ, ಸರಿಯಾಗಿ ಇಪ್ಪತ್ನಾಲ್ಕನೆಯ ನಿಮಿಷಕ್ಕೆ ತಲೆದೂಗುತ್ತಾ ಒಳಗೆ ಬಂದು, ಹೊರಗೆ ನಿಂತೇ ಎಲ್ಲ ಕೇಳಿದೆ ಎಂದೆ. ಕಡೀಗೆ ಏನೈತಿ ಎಂದ. ಮಂಗಳ ಹಾಡುತ್ತಾರೆ ಎಂದೆ! ಮಾವ ಬೈಯಲಿಲ್ಲ. ಕ್ಯಾಸೆಟ್ಟನ್ನು ಅಂಗಿಯ ತುದಿಯಿಂದ ಒರೆಸಿ ಡಬ್ಬಿಯೊಳಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಎಮ್ಮಿಗನೂರಿನ ಕಡೆಯ ಭತ್ತದ ಲಾರಿಯ ಡ್ರೈವರೊಬ್ಬನದು ಇನ್ನೊಂದು ಕಥೆ. ಗಾಡಿ ರಿಪೇರಿಗೆ ಬಿಟ್ಟು ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವನು, ಹಾಡು ಹದಿನಾಲ್ಕನೆಯ ನಿಮಿಷಕ್ಕೆ ಬಂದದ್ದೇ ತಡ, ಕೈಯಲ್ಲಿ ಅರ್ಧ ಮಿರ್ಚಿ ಹಿಡಿದು ಓಡಿಬಂದ. ತನ್ನ ಗೇರ್‌ಬಾಕ್ಸ್ ಪುಡಿಯಾಗುತ್ತಿದೆ ಎಂದು ಕೂಗಿಕೊಂಡ. ಅದು ಸಂಗೀತ ಎಂದು ತಿಳಿಸಿ ಹೇಳಿದ ಮೇಲೆ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಇನ್ನೂ ಎರಡು ನಿಮಿಷ ಕೂತು ಕೇಳಿದ. ಹದಿನಾರು ನಿಮಿಷ! ಬಹುದಿನ ಅದೇ ದಾಖಲೆಯಾಗಿತ್ತು.

ಭಜನೆ ಮಂಡಳಿಯವರದಂತೂ ಕೇಳಲೇಬೇಡಿ. ಮಾವ ಸೋಮವಾರದ ಭಜನೆಯಲ್ಲಿ ಇಪ್ಪತ್ತು ವರ್ಷದಿಂದ ತಾಳ ಹಾಕುವವನು. ಒಂದು ಶ್ರಾವಣ ಸೋಮವಾರ ಸಂಜೆ ಕೈ ತಾನಾಗಿಯೇ ಎಂಟು ಬಿಟ್ಟು ಏಳಕ್ಕೆ ಹೋಯಿತು. ಹಾಡುತ್ತಿದ್ದ ಹಿರಿಯರು ಪಲ್ಲವಿಯಿಂದ ಕೆಳಗೆ ಬಿದ್ದರು. ಹಾರ್ಮೋನಿಯಂ ನಿಂತಿತು. ಇದರಲ್ಲೇ ಹಾಡಿ ನೋಡಿ, ಗುಡ್ಡ ಹತ್ತಿದ ಹಾಗಾಗುತ್ತದೆ ಎಂದು ಮಾವ ವಿನಯದಿಂದ ಕೇಳಿಕೊಂಡ. ಶಿವನನ್ನು ಗುಡ್ಡ ಹತ್ತಿಸಬೇಕಾಗಿಲ್ಲ, ಅವನಿರುವುದೇ ಗುಡ್ಡದ ಮೇಲೆ ಎಂದು ಹಿರಿಯರು ಆತನ ಕೈಯಿಂದ ತಾಳ ಇಸಿದುಕೊಂಡು ಊದಿನಕಡ್ಡಿಯ ಕೆಲಸ ಕೊಟ್ಟರು.

ಸೋತು ಕೂರುವ ಮನುಷ್ಯನೇ ಅಲ್ಲ ಅದು. ಆ ಬಿಳಿಯ ಸಿಕ್ಕಾನು, ಅವನಲ್ಲದಿದ್ದರೆ ಈ ಹಾಡು ಬಲ್ಲ ಇನ್ನೊಬ್ಬ ಸಿಕ್ಕಾನು ಎಂದು ನನ್ನನ್ನು ಕಟ್ಟಿಕೊಂಡು ಹಂಪಿ ಬಜಾರಿಗೆ ಹೋದ. ಭಾಷೆ ಬಾರದಲ್ಲ, ಒಂದು ಕಲ್ಲು ಮಂಟಪದಲ್ಲಿ ಕೂತು ಖಾಲಿ ಬಿಸ್ಕತ್ತಿನ ಡಬ್ಬಿಯ ಮೇಲೆ ಏಳೇಳರ ಲೆಕ್ಕದಲ್ಲಿ ಬಾರಿಸತೊಡಗಿದ. ಗುರುತು ಹಿಡಿದವನು ಬರುತ್ತಾನೆ ಎಂಬ ಲೆಕ್ಕಾಚಾರ. ಅರ್ಧ ಗಂಟೆಯಲ್ಲಿ ಇಬ್ಬರು ಬಿಳಿಯರು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಮಾವನ ಮುಖ ಅರಳಿತು. ಆಮೇಲೆ ಗೊತ್ತಾಯಿತು, ಇದು ಈ ಕಡೆಯ ಪುರಾತನ ವಾದ್ಯ, ಈತ ಅದರ ಗುರು ಎಂದು ಭಾವಿಸಿ ಅವರು ಶಿಷ್ಯರಾಗಲು ಬಂದಿದ್ದರು! ಕೇಳುಗನನ್ನು ಹುಡುಕಿ ಹೋದವನು ಇಬ್ಬರಿಗೆ ಪಾಠ ಹೇಳಿ, ಡಬ್ಬಿಯನ್ನೂ ಅವರಿಗೇ ಕೊಟ್ಟು ಕೊನೆಯ ಬಸ್ಸು ಹಿಡಿದು ಬಂದ.

ಇಷ್ಟೆಲ್ಲ ಆಗುವಾಗ ನಮ್ಮ ಅತ್ತೆ ಏನು ಮಾಡುತ್ತಿದ್ದಳು ಎಂದು ನೀವು ಕೇಳಬಹುದು. ಅಡುಗೆಮನೆಯಲ್ಲಿರುತ್ತಿದ್ದಳು. ಟೇಪ್ ಶುರುವಾಯಿತೆಂದರೆ, ಬಸವನಹುಳ ಬಿಟ್ಟರು ನೋಡು ಎಂದು ಅಕ್ಕಿಯ ಮೊರ ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ನಾವು ನಗುತ್ತಿದ್ದೆವು. ಮಾವನೂ ನಗುತ್ತಿದ್ದ.

ಕ್ಯಾಸೆಟ್ಟಿನ ಇನ್ನೊಂದು ನಕಲು ಮಾಡಿಸು ಎಂದು ನಾನೇ ಹೇಳಿದ್ದೆ. ಅಂಗಡಿಯವನು ಎರಡು ನಿಮಿಷ ಕೇಳಿ, ಟೇಪು ಹಾಳಾಗಿದೆ ಎಂದು ಚೀಟಿ ಅಂಟಿಸಿ ವಾಪಸ್ ಕೊಟ್ಟ. ಮತ್ತೊಂದು ಅಂಗಡಿಗೆ ಹೋಗಲು ಮಾವನಿಗೆ ಮನಸ್ಸಾಗಲಿಲ್ಲ. ಹೀಗಾಗಿ ಇಡೀ ಜಿಲ್ಲೆಗೆ ಅದೊಂದೇ ಪ್ರತಿ.

ಈಗ ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಸಂಡೂರಿನ ಗಣಿ ಆಫೀಸಿನಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತ್ತು. ಊರೆಲ್ಲ ಕಾರು ಕೊಳ್ಳುವಾಗ ನಾನೂ ಒಂದು ಹಳೆಯ ಕಾರು ಕೊಂಡೆ. ಅದರಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಅಂದು ಹೇಳಿದ ಮಂಗಳದ ಸುಳ್ಳು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಒಂದು ಭಾನುವಾರ, ಸಂಡೂರಿನ ತನಕ ಹೋಗಿ ಬರೋಣ, ಕ್ಯಾಸೆಟ್ ತಗೋ, ಈ ಸಲ ಪೂರಾ ಕೇಳುತ್ತೇನೆ ಎಂದು ಮಾವನಿಗೆ ಮಾತು ಕೊಟ್ಟೆ. ಆತ ಗಡ್ಡ ಹೆರೆದುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಮದುವೆಗೆ ಹೊರಟವನ ಹಾಗೆ!

ದಾರಿಯಲ್ಲಿ ಎಂದಿನಂತೆ ಅದಿರಿನ ಲಾರಿಗಳ ಸಾಲು. ಇದ್ದಲ್ಲೇ ನಿಂತೆವು. ಇನ್ನೆಲ್ಲಿಗೆ ಓಡಲಿ? ಹಾಡು ಶುರುವಾಯಿತು. ನಾಲ್ಕು ದಾಟಿತು, ಎಂಟು ದಾಟಿತು. ಮಾವ ನನ್ನ ಮೊಣಕಾಲಿನ ಮೇಲೆ ಏಳೇಳು ಏಟು ಹಾಕಿ ದಾರಿ ತೋರಿಸುತ್ತಿದ್ದ. ಹದಿನಾಲ್ಕರ ಬ್ರೇಕ್ ಫೇಲಿನಲ್ಲಿ, ಸುಳ್ಳು ಹೇಳುವುದಿಲ್ಲ, ನನ್ನ ಮೈ ಜುಮ್ ಎಂದಿತು. ಇಷ್ಟು ದಿನ ಗದ್ದಲವಾಗಿದ್ದದ್ದರ ಒಳಗೊಂದು ದಾರಿ ಕಂಡಿತು. ಹದಿನಾರರ ದಾಖಲೆ ಮುರಿಯಿತು. ಹತ್ತೊಂಬತ್ತಕ್ಕೆ ನಿಜವಾಗಿಯೂ ಬಯಲು, ನಿಜವಾಗಿಯೂ ಗಾಳಿ! ಆಹಾ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿರ್ರೆಂದಿತು, ಹಾಡು ನಿಂತಿತು. ಧೂಳು ತುಂಬಿದ ನನ್ನ ಪ್ಲೇಯರು ಟೇಪನ್ನು ನುಂಗಿತ್ತು. ನಾನು ಗಾಬರಿಯಲ್ಲಿ ಹಿಡಿದು ಎಳೆದೆ. ಮಾವ ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ ಒಣಗಿದ ಶಾವಿಗೆಯಂತೆ ತುಂಡುತುಂಡಾಗಿ ಕೈಗೆ ಬಂತು. ತೆರೆದ ಕಿಟಕಿಯಿಂದ ಗಾಳಿಗೆ ಹಾರಿ ರಸ್ತೆಗೆ ಬಿದ್ದ ತುಂಡುಗಳ ಮೇಲೆ, ಆಗಷ್ಟೇ ಅಲುಗಾಡಿದ ಲಾರಿಯೊಂದು ಹಾದುಹೋಯಿತು. ಅದು ಮಾವನೇ ರಿಪೇರಿ ಮಾಡಿದ ಲಾರಿ.

“ಇರಲಿ ಬಿಡು ಅಳಿಯಾ,” ಎಂದ. ಖಾಲಿ ಡಬ್ಬಿಯನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗೆ ಹಾಕಿಕೊಂಡ.

ಮರುದಿನ ಮಧ್ಯಾಹ್ನ ನಾನು ಕ್ಷಮೆ ಕೇಳಲು ಹೋದೆ. ಮಾವ ಅಡುಗೆಮನೆಯ ಬಾಗಿಲಿಗೆ ಒರಗಿ ತಾಟಿನ ಮುಂದೆ ಕೂತಿದ್ದ. ರೊಟ್ಟಿ ಮುರಿದಿದ್ದ, ತಿಂದಿರಲಿಲ್ಲ. ಅತ್ತೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪೇಟೆಗೆ ಹೋಗಿ ಹುಡುಕೋಣ, ಎಲ್ಲಾದರೂ ಸಿಕ್ಕೀತು ಎಂದು ನಾನು ಏನೇನೋ ಹೇಳಿದೆ. ಹೆಸರಿಲ್ಲದ್ದನ್ನು ಏನೆಂದು ಹುಡುಕುತ್ತೀ ಎಂದ ಮಾವ. ಅದರ ಕೊನೆ ಇನ್ನು ತನ್ನೊಬ್ಬನ ತಲೆಯಲ್ಲಿದೆ, ತಾನು ಹೋದ ದಿನ ಅದೂ ಹೋಯಿತು ಎಂದ.

ಅತ್ತೆ ಬೆನ್ನು ತಿರುಗಿಸದೆಯೇ ಅಂದಳು: “ಕಡೀಗೆ ಎಲ್ಲಾ ನಿಂದರತೈತಿ. ಮುಗೀತು ಅಂತ ನಾವು ಏಳಬೇಕು, ಅಷ್ಟೊತ್ತಿಗೆ ಯಾರೋ ಕುರ್ಚಿ ಸರಸ್ತಾರ. ಆಮ್ಯಾಲ ಒಬ್ಬಾಕಿ ನಗತಾಳ. ಸಣ್ಣಗ.”

ಮಾವನ ಕೈ ತಾಟಿನಲ್ಲೇ ನಿಂತಿತು. ಯಾವಾಗ ಕೇಳಿದಿ ಎಂದ.

“ನೀವು ಸಂಡೂರ ಕಡೆ ಗಾಡಿ ರಿಪೇರಿಗೆ ಹೋದ್ರ ಎರಡೆರಡು ದಿನಾ ಬರಂಗಿಲ್ಲ. ಮನಿ ಗಪ್ ಅಂತೈತಿ. ನಿಮ್ಮ ಗದ್ಲ ಇರಲಿ ಅಂತ ಹಚ್ಚತಿದ್ದೆ. ಟೇಪು ಸವದಿದ್ರಾಗ ನಂದೂ ಪಾಲೈತಿ.”

“ಮತ್ಯಾಕ ಹೇಳಲಿಲ್ಲ?”

“ಊರ ಮಂದೀನೆಲ್ಲಾ ಕೇಳಿದ್ರಿ. ನನ್ನ ಯಾವತ್ತು ಕೇಳಿದ್ರಿ?”

ನನಗೆ ಆಗ ತಲೆಯಲ್ಲಿ ಒಬ್ಬೊಬ್ಬರೇ ಹಾದುಹೋದರು: ಪೋಸ್ಟ್‌ಮ್ಯಾನ್, ಹಾಲಿನವನು, ಭಜನೆಯ ಹಿರಿಯರು, ಬಜಾರಿನ ಬಿಳಿಯರು, ನಾನು. ಹೌದಲ್ಲ, ಹತ್ತು ಹೆಜ್ಜೆ ದೂರದ ಅಡುಗೆಮನೆಗೆ ಆ ಪ್ರಶ್ನೆ ಎಂದೂ ಹೋಗಿರಲಿಲ್ಲ. ಮಾವನಿಗೂ ಅದೇ ಹೊಳೆದಿರಬೇಕು. ತಾಟು ಎತ್ತಿಕೊಂಡು ಬಾಗಿಲಿನಿಂದ ಎದ್ದು ಒಳಗೆ ಹೋಗಿ, ಒಲೆಯ ಪಕ್ಕ ಆಕೆಯ ಎದುರಿಗೆ ಕೂತ. ಆತನ ಕಣ್ಣು ತುಂಬಿದ್ದವು. ಹೊಗೆ ಎಂದು ಒರೆಸಿಕೊಂಡ. ಆ ಒಲೆ ಗ್ಯಾಸಿನದು.

“ಹೆಂಗ ನಗತಾಳ, ತೋರ್ಸು,” ಎಂದ.

ನಿಮಗೇನು ಹುಚ್ಚಾ, ಅಳಿಯ ನಿಂತಾನ ಎಂದಳು ಅತ್ತೆ. ಮಾವ ಬಿಡಲಿಲ್ಲ. ಆಕೆ ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಣ್ಣಗೆ.

ಹೀಗೆ ನಾನೂ ಆ ಹಾಡನ್ನು ಕೊನೆಯವರೆಗೆ ಕೇಳಿದೆ.