ಬೂನ್ ತಾತ್‌ಗೆ ಕಾಗದದ ಕಂಪ್ಯೂಟರು

ಗೇಕ್ ಚೂಳ ಗಂಡ ಬೂನ್ ತಾತ್ ಆಟದ ನಡುವೆ ಸತ್ತ. ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅವನಿಗೆ ಕಂಪ್ಯೂಟರಿನಲ್ಲಿ ಟ್ಯಾಂಕು ಓಡಿಸುವ ಹುಚ್ಚು ಹಿಡಿದಿತ್ತು. ಶತ್ರುಗಳ ಸೇತುವೆ ದಾಟುತ್ತಿದ್ದಾಗ ಎದೆ ಹಿಡಿದುಕೊಂಡ. ಟ್ಯಾಂಕು ಅಲ್ಲೇ ನಿಂತಿತು.

ಈಗ ಚೀನೀ ಪಂಚಾಂಗದ ಏಳನೆಯ ತಿಂಗಳು ಬಂದಿತ್ತು. ಸತ್ತವರು ಊಟಕ್ಕೆ ಮನೆಗೆ ಬರುವ ತಿಂಗಳು. ಅವರ ಊರಾದ ಬುಕಿತ್ ಮೆರ್ತಾಜಾಮಿನಲ್ಲಿ ಚೀನೀ ಮನೆಯವರೆಲ್ಲರೂ ತಮ್ಮವರಿಗೆ ಬೇಕಾದ್ದನ್ನು ಕಾಗದದಲ್ಲಿ ಮಾಡಿಸಿ ಸುಡುತ್ತಾರೆ. ಸುಟ್ಟದ್ದು ಅವರಿಗೆ ಸೇರುತ್ತದೆ. ಅಂಗಿ, ಚಪ್ಪಲಿ, ಮೊಬೈಲು. ಗೇಕ್ ಚೂ ಕಂಪ್ಯೂಟರು ಕಳಿಸುವುದೆಂದು ನಿಶ್ಚಯಿಸಿದಳು. ಸೇತುವೆಯನ್ನಾದರೂ ದಾಟಲಿ.

ಕಾಗದದ ಕೆಲಸದ ಲಿಯೂ ಅಜ್ಜ ಕತ್ತರಿ ಕೆಳಗಿಟ್ಟ.

“ಪೆಟ್ಟಿಗೆ ಮಾಡೋದು ದೊಡ್ಡ ವಿಷಯ ಅಲ್ಲ. ಒಳಗೆ ಏನೇನು ಹಾಕಲಿ, ಅದು ಹೇಳು.”

“ಬರೀ ಪೆಟ್ಟಿಗೆ ಸಾಲದಾ ಅಜ್ಜ?”

“ಟಾನ್ ಮನೆಯವರೂ ಹಾಗೇ ಅಂದ್ರು. ಕಾರು ಸುಟ್ಟರು, ಎಂಜಿನ್ ಹಾಕಿಸಲಿಲ್ಲ. ಅವರಪ್ಪ ಕನಸಲ್ಲಿ ಕಾರು ತಳ್ಳಿಕೊಂಡು ಬಂದ.”

ಗೇಕ್ ಚೂ ಹೆದರಿದಳು. ಒಳಗೆ ಏನಿರುತ್ತದೆಂದು ಅವಳಿಗೇನು ಗೊತ್ತು. ಅವಳಿಗೆ ಗೊತ್ತಿದ್ದದ್ದು ಎರಡೇ. ಚಿಕ್ಕದಿರಬೇಕು, ಸದ್ದು ಮಾಡಬಾರದು.

ಅದಕ್ಕೆ ಕಾರಣ ಅತ್ತೆ. ಅವರು ಮೊದಲೇ ಹೋಗಿದ್ದರು. ಆಗ ಅವರಿಗೆ ಎರಡು ರೂಮಿನ ಕಾಗದದ ಮನೆ ಸುಟ್ಟಿದ್ದರು. ಈಗ ಬೂನ್ ತಾತ್ ಅಲ್ಲೇ ಇದ್ದಾನೆ (ಇನ್ನೆಲ್ಲಿಗೆ ಹೋಗುತ್ತಾನೆ). ಬದುಕಿದ್ದಾಗ ಅವನ ಕಂಪ್ಯೂಟರು ಹಂದಿಯ ಹಾಗೆ ಗೊರಕೆ ಹೊಡೆಯುತ್ತಿತ್ತು, ಅತ್ತೆ ಪಕ್ಕದ ರೂಮಿನಿಂದ ಕೋಲಿನಲ್ಲಿ ಗೋಡೆ ಕುಟ್ಟುತ್ತಿದ್ದರು. ಅಲ್ಲಿ ಗೋಡೆಯೂ ಕಾಗದದ್ದು. ಕುಟ್ಟಿದರೆ ಕೋಲು ಈಚೆಗೆ ಬರುತ್ತದೆ.

ಅವಳು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯ ವೇ ಜಿನ್ ಕುರ್ಚಿ ಎಳೆದು ಕೊಟ್ಟ.

“ನಮ್ಮವರಿಗೆ ಒಂದು ಕಂಪ್ಯೂಟರು. ಚಿಕ್ಕದು, ಸದ್ದಿಲ್ಲದ್ದು, ಆಟಕ್ಕೆ ಗಟ್ಟಿಯಾದ್ದು, ಖರ್ಚು ಕಡಿಮೆ” ಎಂದಳು.

“ಎಲ್ಲಾ ಒಟ್ಟಿಗೆ ಸಿಗಲ್ಲ ಆಂಟಿ. ಚಿಕ್ಕದಾದ್ರೆ ಬಿಸಿಯಾಗುತ್ತೆ. ಬಿಸಿಯಾದ್ರೆ ಫ್ಯಾನ್ ಕೂಗುತ್ತೆ. ಕೂಗಬಾರ್ದು ಅಂದ್ರೆ ದೊಡ್ಡ ಫ್ಯಾನ್ ಹಾಕ್ಬೇಕು. ಅದು ಹಾಕಿದ್ರೆ ಪೆಟ್ಟಿಗೆ ಚಿಕ್ಕದಾಗಲ್ಲ.”

“ಈಗ ಎಲ್ಲಿಗೆ ಬಂದ್ವಿ?”

“ಶುರು ಮಾಡಿದಲ್ಲಿಗೆ. ಅಂಕಲ್ ಇರೋ ರೂಮು ಬಿಸಿಯಾ?”

ಗೇಕ್ ಚೂ ಯೋಚಿಸಿದಳು. “ಅದು ಅವರು ಮಾಡಿದ ಪಾಪದ ಮೇಲೆ. ನನಗೆ ಗೊತ್ತಿದ್ದ ಹಾಗೆ ಅಂಥದ್ದೇನೂ ಮಾಡಿಲ್ಲ.”

ವೇ ಜಿನ್ ಪೆನ್ನು ಕಿವಿಗೆ ಸಿಕ್ಕಿಸಿದ. “ಎಸಿ ಇದೆಯಾ ಆಂಟಿ?”

“ಅತ್ತೆಗೆ ಸುಟ್ಟಾಗ ಒಂದು ಹಾಕಿಸಿದ್ವಿ.”

ಅವನು ಗ್ಯಾರಂಟಿ ಪುಸ್ತಕ ಮುಚ್ಚಿಟ್ಟ. ಆಮೇಲೆ ಕೇಳಿದ, “ಅಂದ್ರೆ ಗ್ಯಾರಂಟಿ ಬೇಡ ಅಲ್ವಾ?”

“ಬೇಡ.”

“ಕಾಗದ ತಾನೆ ಆಂಟಿ. ಆಟದ ಚಿತ್ರ ಮೂಡಿಸೋ ಕಾರ್ಡು ಎಲ್ಲಕ್ಕಿಂತ ದೊಡ್ಡದೇ ಹಾಕಿಸಿ.”

“ಲಿಯೂ ಅಜ್ಜ ಅಳತೆ ನೋಡಿ ದುಡ್ಡು ತಗೊಳ್ತಾರಪ್ಪ. ನನ್ನ ಕೈಲಾಗೋದು ಹೇಳು.”

ವೇ ಜಿನ್ ನಿಜವಾದ ಗಿರಾಕಿಗೆ ಹೇಳುವ ಹಾಗೆಯೇ ಹೇಳಿದ. ಗಿಡ್ಡ ಕಾರ್ಡು, ಮಧ್ಯಮ ಪ್ರೊಸೆಸರು, ಎರಡು ಪಟ್ಟಿ ಮೆಮೊರಿ, ನಿಧಾನ ತಿರುಗುವ ಅಗಲ ಫ್ಯಾನು ಒಂದೇ. ಪ್ರತಿಯೊಂದನ್ನೂ ಕಪಾಟಿನಿಂದ ತೆಗೆದು ತೋರಿಸಿದ. ಅವಳು ಬೆರಳಲ್ಲಿ ಅಳೆದುಕೊಂಡಳು. ದಾರಿಯುದ್ದಕ್ಕೂ ಬೆರಳು ಹಾಗೇ ಹಿಡಿದುಕೊಂಡು ಲಿಯೂ ಅಜ್ಜನ ಬಳಿ ಬಂದಳು.

ಕಂಪ್ಯೂಟರು ಚೆನ್ನಾಗಿಯೇ ಆಯಿತು. ಬ್ರೆಡ್ಡಿನಷ್ಟು ದಪ್ಪ. ಪಕ್ಕದಲ್ಲಿ ಕಿಟಕಿ, ಒಳಗೆ ಕೆಂಪು ಫ್ಯಾನು. ಊದಿದರೆ ತಿರುಗುತ್ತಿತ್ತು, ಸದ್ದಿಲ್ಲ.

ಹಬ್ಬದ ಮಧ್ಯಾಹ್ನ ಅನ್ನ, ಸುಟ್ಟ ಹಂದಿಮಾಂಸ, ಕಾಫಿ ಎಲ್ಲ ಇಟ್ಟರು. ಮೈದುನ ಎರಡು ನಾಣ್ಯ ಕೈಯಲ್ಲಿ ಹಿಡಿದ. ಒಂದರಲ್ಲಿ ಹೂವಿನ ಮುಖ, ಇನ್ನೊಂದರಲ್ಲಿ ಅಂಕಿಯ ಮುಖ ಬಿದ್ದರೆ ಸತ್ತವರು ಒಪ್ಪಿದ ಹಾಗೆ. ಎರಡೂ ಒಂದೇ ಬಿದ್ದರೆ ಇಲ್ಲ. ಒಪ್ಪದೆ ಬೆಂಕಿ ಇಡುವ ಹಾಗಿಲ್ಲ.

“ಅಣ್ಣ, ಕಂಪ್ಯೂಟರ್ ತಂದಿದ್ದೀವಿ. ಬೇಕಾ?”

ಎರಡೂ ಹೂವು.

“ಕಾರ್ಡು ಸಾಲಲ್ವೇನೋ ಅತ್ತಿಗೆ.”

“ಸಾಲುತ್ತೆ. ಆ ವೇ ಜಿನ್ ಹೇಳಿದ್ದಾನೆ. ಮತ್ತೆ ಕೇಳು.”

ಎರಡೂ ಅಂಕಿ. ಗೇಕ್ ಚೂ ಪಕ್ಕದ ಓಣಿಗೆ ಹೋಗಿ ಲಿಯೂ ಅಜ್ಜನನ್ನೇ ಕರೆತಂದಳು. ಅವನು ಇನ್ನೊಂದು ಪಟ್ಟಿ ಮೆಮೊರಿ ಅಂಟಿಸಿದ. ಬೇಡ. ವೇ ಜಿನ್‌ಗೆ ಫೋನು ಮಾಡಿದರು. ಕರೆಂಟು ಕೊಡುವ ಡಬ್ಬಿ ಹಾಕಿದ್ದೀರಾ ಎಂದ. ಹಾಕಿರಲಿಲ್ಲ. ಹಾಕಿದರು. ಆದರೂ ಬೇಡ. ಅನ್ನ ಆರಿತು. ಮೈದುನ ಮಾಂಸದ ಕಡೆ ನೋಡತೊಡಗಿದ.

ಗೇಕ್ ಚೂ ಪೆಟ್ಟಿಗೆಗೆ ಅಂಟಿಸಿದ್ದ ಗಂಡನ ಹೆಸರಿನ ಚೀಟಿ ನೋಡಿದಳು. ಇವರಿಗೆ ನನ್ನ ಮೇಲೆ ಕೋಪವೇ? ಆಗ ಅವಳಿಗೆ ಹೆಣ್ಣು ನೋಡಲು ಬಂದ ದಿನ ನೆನಪಾಯಿತು. ಹುಡುಗಿ ಒಪ್ಪಿಗೆಯೇ ಎಂದು ಬೂನ್ ತಾತ್‌ನನ್ನು ಕೇಳಿದರೆ, ಯೋಚಿಸಿ ಹೇಳುತ್ತಾನೆ ಎಂದವರು ಅತ್ತೆ.

“ಅವರನ್ನ ಕೇಳಿದ್ರೆ ಅವರು ಯಾವತ್ತು ಉತ್ತರ ಕೊಟ್ಟಿದ್ರು?” ಎಂದಳು. “ಅತ್ತೇನ ಕೇಳು.”

ಮೈದುನ ನಕ್ಕ. “ಅಮ್ಮ, ಇದು ನಿನಗೆ ಬೇಕೇನೇ?”

ಒಂದು ಹೂವು, ಒಂದು ಅಂಕಿ.

ಮೈದುನ ನಾಣ್ಯ ಆರಿಸಿಕೊಂಡ. ಇನ್ನೊಮ್ಮೆ ಎಸೆದ. ಅದೇ.

“ಮಾಜಾಂಗ್ ಆಡೋಕಾ ಅಮ್ಮ?” ಇಲ್ಲ.

“ಮತ್ತೆ... ಟ್ಯಾಂಕಾ?”

ಒಂದು ಹೂವು, ಒಂದು ಅಂಕಿ.

“ಗೋಡೆ ಕುಟ್ಟಿದ್ದು ಇದಕ್ಕಾ?” ಎಂದ ಮೈದುನ. “ತನ್ನನ್ನ ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ?”

ಕೇಳಿ ಒಪ್ಪಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅಂಟಿಸಿದ್ದ ಗಂಡನ ಹೆಸರು ಕಿತ್ತು ಅತ್ತೆಯ ಹೆಸರು ಬರೆದರು. ಬೆಂಕಿ ಇಟ್ಟರು. ಗಿಡ್ಡ ಕಾರ್ಡು, ಅಗಲ ಫ್ಯಾನು, ಎಲ್ಲ ಸದ್ದಿಲ್ಲದೆ ಅತ್ತೆಗೆ ಹೋಯಿತು.

ಮರುದಿನ ಅವಳು ಮತ್ತೆ ಲಿಯೂ ಅಜ್ಜನ ಅಂಗಡಿಗೆ ಹೋದಳು.

“ಇನ್ನೊಂದು ಮಾಡಿ. ನಮ್ಮವರಿಗೆ. ದೊಡ್ಡದಿರಲಿ, ಮನೇಲಿದ್ದದ್ದರ ಹಾಗೆ ಚೆನ್ನಾಗಿ ಸದ್ದು ಮಾಡಬೇಕು.”

“ಕಾಗದ ಏನಮ್ಮ ಸದ್ದು ಮಾಡುತ್ತೆ?”

“ಫ್ಯಾನಿಗೆ ಪಟಾಕಿ ಕಟ್ಟಿ.”

ಅಜ್ಜ ಟೇಪು ಎಳೆದು ನೋಡಿದ. “ದೊಡ್ಡದಾದ್ರೆ ಆ ಎರಡು ರೂಮಲ್ಲಿ ಹಿಡಿಯಲ್ಲ. ಮೇಲೊಂದು ಮಹಡಿ ಎಬ್ಬಿಸಬೇಕಾಗುತ್ತೆ.”

ಅವಳು ಕೂತು ಯೋಚಿಸಿದಳು. ಕಂಪ್ಯೂಟರು ಕೊಳ್ಳಲು ಹೋಗಿ ಮನೆ ಕಟ್ಟುವ ಹಾಗಾಯಿತು.

“ಎಬ್ಬಿಸಿ. ಹಾಗೇ ನನಗೂ ಒಂದು ರೂಮು ಬಿಡಿ. ಇವತ್ತಲ್ಲ ನಾಳೆ ಬೇಕಲ್ಲ.”

“ಯಾವ ಕಡೆ ಬಿಡಲಿ?”

“ಅತ್ತೆಯಿಂದ ದೂರ” ಎಂದಳು ಗೇಕ್ ಚೂ. “ಆದರೆ ಅವರ ಫ್ಯಾನು ಕೇಳಿಸಬೇಕು.”