ಗುಣದ ಮೇಲೆ ಹೆಸರು ಬರೆಸುವುದೆಲ್ಲಿ?

ಮಕ್ಕಳಿಗೆ ಒಳ್ಳೆಯ ಗುಣ ಕಲಿಸಬೇಕೆಂಬುದನ್ನು ಒಪ್ಪದ ಮನುಷ್ಯ ನನಗೆ ಇದುವರೆಗೆ ಸಿಕ್ಕಿಲ್ಲ. ಅದಕ್ಕೆ ದುಡ್ಡು ಕೊಡುವ ಮನುಷ್ಯನನ್ನು ಹುಡುಕುವುದಕ್ಕೆ ಮಾತ್ರ ಒಂದು ಜೊತೆ ಚಪ್ಪಲಿ ಸವೆಯಿತು.

ಹಾರೋಹಳ್ಳಿ ಪಕ್ಕದ ನಮ್ಮ ಶಾಲೆಯಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ನನ್ನ ನೀತಿಪಾಠದ್ದು. ಉಳಿದ ದಿನ ನಾನು ಇಂಗ್ಲಿಷ್ ವ್ಯಾಕರಣದವನು; ಮಕ್ಕಳು ನನ್ನನ್ನು ಕಂಡು ನಗುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ. ಕತೆ ಪುಸ್ತಕ ಬೇಕು, ನಾಟಕಕ್ಕೆ ಸಾಮಾನು ಬೇಕು ಎಂದು ನಾನು ಗೋಗರೆದಾಗ ಹೆಡ್‌ಮಾಸ್ಟರು, "ದಸರಾ ರಜದೊಳಗೆ ಒಬ್ಬ ದಾನೀನ ಹಿಡಕೊಂಡು ಬನ್ನಿ. ಇಲ್ಲಾಂದ್ರೆ ಆ ಪೀರಿಯಡ್ಡು ಗಣಿತಕ್ಕೆ" ಎಂದುಬಿಟ್ಟರು.

ಕೈಗಾರಿಕಾ ಪ್ರದೇಶದಲ್ಲಿ ಹತ್ತಾರು ಕಾರ್ಖಾನೆಗಳ ಬಾಗಿಲು ತಟ್ಟಿದೆ ಎಂದು ಹೇಳಿಕೊಳ್ಳುತ್ತೇನೆ. ಎರಡೇ ಇರಬಹುದು, ನನ್ನ ಕಷ್ಟಗಳನ್ನು ಹಿಗ್ಗಿಸುವುದು ನನ್ನ ನೆನಪಿನ ಹಳೆಯ ಚಾಳಿ. ಒಂದು ಕಡೆ ಅಧಿಕಾರಿಯೊಬ್ಬರು ಕಾಫಿ ಕೊಟ್ಟು, ಗುಣ ಬರುವುದಕ್ಕೆ ಮೊದಲು, ಬಂದ ಮೇಲೆ, ಹೀಗೆ ಮಕ್ಕಳ ಎರಡು ಫೋಟೊ ತಂದುಕೊಡಿ ಎಂದದ್ದಂತೂ ನಿಜ.

ಕೊನೆಗೆ ಕೆಂಪಣ್ಣನವರ ಬಳಿ ಹೋದೆ. ಕಾರ್ಖಾನೆ ನೌಕರರಿಗೆ ವ್ಯಾನು ಓಡಿಸಿ ಚೆನ್ನಾಗಿ ಸಂಪಾದಿಸಿದವರು.

"ಕೊಡಾಕೇನೋ ಕೊಡ್ಬೌದು ಮೇಷ್ಟ್ರೇ. ನಮ್ಮಪ್ಪ ನಿಮ್ ಸ್ಕೂಲ್ಗೆ ಫ್ಯಾನ್ ಕೊಟ್ರು, ರೆಕ್ಕೆ ಮ್ಯಾಲೆ ಹೆಸ್ರೈತೆ. ಗುಣದ ಮ್ಯಾಲೆ ಎಲ್ ಬರ್ಸದು?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ದಾನಿಯ ಹೆಸರಿಲ್ಲದ ಬೆಂಚಿಲ್ಲ, ಬೀರುವಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ಹೆಸರೇ ಹೆಚ್ಚು. ಫ್ಯಾನಿನ ಮೇಲಿನ ಹೆಸರು ಕರೆಂಟು ಹೋದಾಗಷ್ಟೇ ಕಾಣುತ್ತದೆ. ಹಾಗಾಗಿ ಕೆಂಪಣ್ಣನವರ ತಂದೆಯ ಹೆಸರು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ.

ಪಾಠದ ಮಾದರಿಯೆಂದು ಒಂದು ಕತೆ ಹೇಳಿದೆ. ಯಾರೋ ಒಬ್ಬ ದಾರಿಹೋಕರಿಗಾಗಿ ಬಾವಿ ತೋಡಿಸಿ, ಹೆಸರೂ ಹೇಳದೆ ಹೊರಟುಹೋದ ಕತೆ.

"ಯಾರು ಅವ್ನು?" ಕೆಂಪಣ್ಣ ಕೇಳಿದರು.

"ಗೊತ್ತಿಲ್ಲ. ಅದೇ ನೀತಿ."

ಅವರು ಜೇಬಿಗೆ ಕೈ ಹಾಕಿದರು. "ನಮ್ಮಪ್ಪನ ಹೆಸ್ರು ಎಲ್ರೂ ಓದ್ತಾರೆ, ಯಾರು ಅಂತ ಒಬ್ರೂ ಕೇಳಾಕಿಲ್ಲ. ಈ ಹೆಸ್ರಿಲ್ದೋನು ಯಾರು ಅಂತ ನಾನೇ ಕೇಳ್ಬುಟ್ಟೆ ನೋಡಿ. ದುಡ್ಡು ತಕಳಿ. ದಾನಿ ಹೆಸ್ರು ಬ್ಯಾಡ ಅಂದವ್ರೆ ಅಂತ ಮೈಕಲ್ಲಿ ಕೂಗ್ಸಿ. ನೀವು ಬಾಯ್ ಬುಡಬ್ಯಾಡಿ. ಜನ ತಾವೇ ಪತ್ತೆ ಮಾಡ್ಕತಾರೆ."

ಪೀರಿಯಡ್ಡು ಉಳಿಯಿತು. ಪುಸ್ತಕ ಬಂತು, ನಾಟಕಕ್ಕೆ ಕಿರೀಟಗಳೂ ಬಂದವು. ಹೆಡ್‌ಮಾಸ್ಟರು ಮೈಕಿನಲ್ಲಿ ಕೂಗಿದರು. ಜನ ವಿಚಾರಿಸತೊಡಗಿದರು, ಅದೂ ನನ್ನನ್ನೇ. ಕೊಟ್ಟ ಮಾತಿನಂತೆ ನಾನು ತಲೆತಗ್ಗಿಸಿ ಮುಗುಳ್ನಕ್ಕೆ. ಅಷ್ಟೇ ಸಾಕಾಯಿತು. ಟೀ ಅಂಗಡಿಯ ನಿಂಗಮ್ಮ ನನ್ನ ಲೋಟಕ್ಕೆ ಕೆನೆ ಹಾಕುತ್ತಾ ಪಕ್ಕದವರಿಗೆ, "ಇವ್ರೇ ಕಣಪ್ಪ. ಸಂಬ್ಳಾನೆಲ್ಲ ಮಕ್ಕಳ್ಗೇ ಸುರೀತಾವ್ರೆ, ಚಪ್ಲಿ ನೋಡು ಹೆಂಗೈತೆ" ಎಂದಳು.

ಮೊನ್ನೆ ಕೆಂಪಣ್ಣನವರೇ ವ್ಯಾನು ನಿಲ್ಲಿಸಿ, "ಯಾರಾನ ಪತ್ತೆ ಮಾಡುದ್ರಾ ಮೇಷ್ಟ್ರೇ?" ಎಂದು ಆಸೆಯಿಂದ ಕೇಳಿದರು.

"ಹತ್ತಿರ ಹತ್ತಿರ ಬಂದಿದ್ದಾರೆ" ಎಂದೆ.

ನಿಜ ಹೇಳಬೇಕು, ಹೇಳುತ್ತೇನೆ. ಈ ಶನಿವಾರದ ಪಾಠ ಪ್ರಾಮಾಣಿಕತೆಯದ್ದಾಗಿತ್ತು. ಸದ್ಯಕ್ಕೆ ಅದನ್ನು ಮುಂದೂಡಿ, ಮಕ್ಕಳಿಗೆ ತಾಳ್ಮೆ ಕಲಿಸುತ್ತಿದ್ದೇನೆ.